ಬುಸುಗುಡದ ಪೋರ್ಟ್ ಬೇಕಾ? ಮೊದಲು ಪೈಪಿನ ಅಗಲ ನೋಡಿ

ಬಾಸ್ ಜೊತೆಗೆ ಫುಸ್ ಫುಸ್ ಅಂತ ಗಾಳಿ ಸದ್ದು ಬರ್ತಿದೆ, ಸ್ಪೀಕರ್ ಬದಲಾಯಿಸಿಕೊಡಿ ಅಂತ ದಾವಣಗೆರೆಯಲ್ಲಿ ನನ್ನ ಹತ್ತಿರ ಸಬ್‌ವೂಫರ್ ತರುವವರು ಜಾಸ್ತಿ. ಬಿಚ್ಚಿ ನೋಡಿದರೆ ಸ್ಪೀಕರ್ ಚೆನ್ನಾಗಿಯೇ ಇರುತ್ತದೆ. ಪೋರ್ಟ್, ಅಂದರೆ ಬಾಕ್ಸಿನ ಗಾಳಿ ಒಳಗೂ ಹೊರಗೂ ಓಡಾಡುವ ಪೈಪ್, ಸಣ್ಣದು, ಅಷ್ಟೇ.

ಬಾಕ್ಸಿನ ಗಾಳಿಯೂ ಪೋರ್ಟೂ ಸೇರಿ ಅನುರಣಿಸುವ ಸ್ವರವೇ ಟ್ಯೂನಿಂಗ್ ಫ್ರೀಕ್ವೆನ್ಸಿ. ಅದರ ಹತ್ತಿರ ಸ್ಪೀಕರಿನ ಕೋನ್ (ಸದ್ದು ಹೊರಡಿಸಲು ಅಲುಗುವ ಶಂಕು) ಹೆಚ್ಚು ಅಲುಗಾಡುವುದಿಲ್ಲ. ಆಗ ಬಾಸೆಲ್ಲ ಪೋರ್ಟಿನೊಳಗಿನ ಗಾಳಿಯದ್ದೇ. ಆ ಗಾಳಿಯ ವೇಗ ಸೆಕೆಂಡಿಗೆ ಸುಮಾರು 17 ಮೀಟರ್ ಒಳಗಿರಲಿ. ಅದನ್ನು ದಾಟಿದಂತೆಲ್ಲ ಪೈಪಿನ ಬಾಯಲ್ಲಿ ಗಾಳಿ ಸುಳಿ ಸುತ್ತಿ ಬುಸುಗುಡಲು ಶುರುಮಾಡುತ್ತದೆ.

ಅಗಲ ಮಾಡಿದಷ್ಟೂ ಪೈಪ್ ಉದ್ದವಾಗಬೇಕು, ತೊಡಕಿರುವುದು ಇಲ್ಲೇ. 50 ಲೀಟರ್ ಬಾಕ್ಸ್, 32 ಹರ್ಟ್ಸ್ ಟ್ಯೂನಿಂಗ್ ಅಂತ ಇಟ್ಟುಕೊಳ್ಳಿ. ಒಳ ಅಗಲ 7.5 ಸೆಂ.ಮೀ. ಇದ್ದರೆ 20 ಸೆಂ.ಮೀ. ಉದ್ದ ಸಾಕು. 10 ಸೆಂ.ಮೀ. ಪೈಪಿಗೆ 39 ಬೇಕು. 15ಕ್ಕೆ ಹೋದರೆ 92! ನಾನಾದರೆ 10ನ್ನೇ ಆರಿಸುತ್ತೇನೆ. ಅಷ್ಟೇ ಬಾಸಿಗೆ ಗಾಳಿಯ ವೇಗ 7.5ರಲ್ಲಿ ಇರುವುದರ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಎರಡು ಪೈಪ್ ಹಾಕುವುದಾದರೆ ಎರಡನ್ನೂ 39ಕ್ಕೇ ಕತ್ತರಿಸಬೇಡಿ, ಟ್ಯೂನಿಂಗ್ 45 ಹರ್ಟ್ಸ್‌ಗೆ ಏರಿಬಿಡುತ್ತದೆ. ಒಂದೊಂದೂ 85 ಸೆಂ.ಮೀ. ಆಗಬೇಕು.

ಮಂಡಿಪೇಟೆ ಕಡೆ ಹಾರ್ಡ್‌ವೇರ್ ಅಂಗಡಿಯಲ್ಲಿ 110 ಎಂಎಂ ಪಿವಿಸಿ ಪೈಪ್ ಕೇಳಿ. 110 ಅನ್ನುವುದು ಹೊರಗಿನ ಅಳತೆ. ಲೆಕ್ಕಕ್ಕೆ ಬೇಕಾದದ್ದು ಒಳಗಿನದು, ಸ್ಕೇಲ್ ಇಟ್ಟು ನೋಡಿಯೇ ತನ್ನಿ. ಪೈಪೇ ಬಾಕ್ಸಿನೊಳಗೆ ಮೂರೂವರೆ ಲೀಟರ್ ಜಾಗ ತಿನ್ನುತ್ತದೆ. ಅದನ್ನೂ ಸ್ಪೀಕರಿನ ಜಾಗವನ್ನೂ 50ಕ್ಕೆ ಸೇರಿಸಿ, ಆಮೇಲೆ ಪ್ಲೈವುಡ್ ಕತ್ತರಿಸಿ.

ಪೈಪಿನ ಎರಡೂ ಬಾಯಿಗೆ ಅಂಚು ದುಂಡಗೆ ಮಾಡಿ. ಹೊರಗಿನದನ್ನು ಚೆಂದ ಮಾಡಿ ಒಳಗಿನದನ್ನು ಸುಮ್ನೆ ಬಿಡುವವರಿದ್ದಾರೆ. ಗಾಳಿ ಎರಡೂ ಕಡೆ ಓಡಾಡುತ್ತದೆ ಅಲ್ವಾ? ಒಳಬಾಯಿಗೂ ಹಿಂದಿನ ಹಲಗೆಗೂ ನಡುವೆ ಕಡಿಮೆಯೆಂದರೂ ಪೈಪಿನ ಅಗಲದಷ್ಟು ಜಾಗ ಬಿಡಿ. ಜಾಗ ಸಾಲದಿದ್ದರೆ ಬೆಂಡ್ ಹಾಕಿ ತಿರುಗಿಸಬಹುದು.

ಕೆಲಸ ಶುರುಮಾಡುವ ಮುಂಚೆ ಸ್ಪೀಕರ್ ಬಾಕ್ಸಿನ ಲೆಕ್ಕ ಹಾಕುವ ವಿನ್‌ಐಎಸ್‌ಡಿ ಸಾಫ್ಟ್‌ವೇರಿನಲ್ಲಿ ಗಾಳಿಯ ವೇಗ ನೋಡಿಕೊಳ್ಳಿ, ಅದು ಉಚಿತ. ಬಾಕ್ಸ್ ಸಿದ್ಧವಾದ ಮೇಲೆ ಮೊಬೈಲ್ ಟೋನ್ ಆ್ಯಪಿನಲ್ಲಿ 32 ಹರ್ಟ್ಸ್ ಇಟ್ಟು ವಾಲ್ಯೂಮ್ ನಿಧಾನವಾಗಿ ಏರಿಸಿ. ಡೊಳ್ಳಿನ ಹಾಡು ಹಾಕಿ ಪರೀಕ್ಷೆ ಮಾಡಬೇಡಿ, ಏಟಿನ ಅಬ್ಬರದಲ್ಲಿ ಫುಸ್ ಸದ್ದು ಮುಚ್ಚಿಹೋಗುತ್ತದೆ. ಎಳೆದು ಹಿಡಿದ ಒಂದೇ ಸ್ವರದಲ್ಲಿ ಅದು ಬಯಲಾಗುತ್ತದೆ.

ಇಪ್ಪತ್ತು ಲೀಟರಿನ ಪುಟ್ಟ ಬಾಕ್ಸೇ ಬೇಕು, ಬಾಸೂ ಆಳವಾಗಿರಬೇಕು ಅಂದರೆ ಅಷ್ಟುದ್ದದ ಪೈಪ್ ಹಿಡಿಸುವುದಿಲ್ಲ. ಪೋರ್ಟಿನ ಬದಲು ಪ್ಯಾಸಿವ್ ರೇಡಿಯೇಟರ್, ಅಂದರೆ ಕಾಯಿಲ್ ಇಲ್ಲದೆ ಬಾಕ್ಸಿನ ಗಾಳಿಗೇ ಅಲುಗುವ ಕೋನ್, ಹಾಕಿಬಿಡಿ. ಖರ್ಚು ಜಾಸ್ತಿ, ಆದರೆ ಪೋರ್ಟೇ ಇಲ್ಲದ ಕಡೆ ಬುಸುಗುಡುವ ಮಾತೇ ಇಲ್ಲ.