ಇಟ್ಟಿಗೆಯಿಂದ ಅರಮನೆಯವರೆಗೆ: ಪ್ರಾಚೀನ ಈಜಿಪ್ಟಿನ ಪದಗಳ ಬೇರು ಹುಡುಕುವ ನನ್ನ ಕ್ರಮ

ಪ್ರಾಚೀನ ಈಜಿಪ್ಟಿನ ಪದವೊಂದನ್ನು ಕೈಗೆತ್ತಿಕೊಂಡರೆ ಮೊದಲು ಅದರ ಸ್ವರಗಳನ್ನು ತೆಗೆದುಹಾಕುತ್ತೇನೆ. ಅವರ ಚಿತ್ರಲಿಪಿ (ಹೈರೊಗ್ಲಿಫ್) ಬರೆದಿಟ್ಟದ್ದು ವ್ಯಂಜನಗಳನ್ನಷ್ಟೇ. ‘ನೆಫೆರ್’ ಎಂಬುದರ ಎರಡು ಎಕಾರಗಳೂ ಓದುವ ಅನುಕೂಲಕ್ಕೆ ವಿದ್ವಾಂಸರು ಸೇರಿಸಿದವು; ಕಲ್ಲಿನ ಮೇಲಿರುವುದು ನ್-ಫ್-ರ್. ಕನ್ನಡದಲ್ಲಿ ಬರೆದುಕೊಳ್ಳುವವರಿಗೆ ಇಲ್ಲೊಂದು ತೊಡಕಿದೆ. ನಮ್ಮ ‘ನ’ದೊಳಗೇ ಅಕಾರ ಕೂತಿದೆ. ಟಿಪ್ಪಣಿಯಲ್ಲಿ ‘ನಫರ’ ಎಂದು ಬರೆದರೆ ಕೆಲವೇ ದಿನಗಳಲ್ಲಿ ಅದೇ ನಿಜವಾದ ಉಚ್ಚಾರಣೆ ಎನ್ನಿಸತೊಡಗುತ್ತದೆ. ಹಾಗಾಗಿ ಅರ್ಧಾಕ್ಷರಗಳನ್ನೇ ಬರೆದು, ನಡುವೆ ಗೆರೆ ಹಾಕುತ್ತೇನೆ.

ಆಮೇಲೆ ಚಿಹ್ನೆಗಳನ್ನು ಬಿಡಿಸುವುದು. ನ್-ಫ್-ರ್ ಎಂಬ ಮೂರೂ ವ್ಯಂಜನಗಳಿಗೆ ಒಂದೇ ಚಿಹ್ನೆಯಿದೆ. ಅದರ ಪಕ್ಕದಲ್ಲೇ ಸಾಮಾನ್ಯವಾಗಿ ಫ್, ರ್ ಚಿಹ್ನೆಗಳೂ ಇರುತ್ತವೆ. ಇವು ಓದುಗನಿಗೆ ನೆನಪಿಸಲು ಇಟ್ಟವು, ಮತ್ತೆ ಎಣಿಸಬಾರದು. ಹೊಸಬರು ‘ನ್-ಫ್-ರ್-ಫ್-ರ್’ ಎಂದು ಓದಿ ಇಲ್ಲದ ಪದವನ್ನು ನಿಘಂಟಿನಲ್ಲಿ ಹುಡುಕುತ್ತಾರೆ.

ಅರ್ಥ ಹಿಡಿಯಲು ಪದದ ಕೊನೆಗೆ ಬರುವ, ಉಚ್ಚಾರಣೆಯಿಲ್ಲದ ನಿರ್ಧಾರಕ ಚಿಹ್ನೆಯನ್ನು ನೋಡಬೇಕು. ಮನೆಯ ಚಿತ್ರ (ಚಿಹ್ನೆಗಳಿಗೆ ಸಂಖ್ಯೆ ಕೊಡುವ ಗಾರ್ಡಿನರ್ ಪಟ್ಟಿಯಲ್ಲಿ ಓ1) ಒಂಟಿ ಗೀಟಿನೊಂದಿಗೆ ಬಂದರೆ ಪ್-ರ್, ಅಂದರೆ ಮನೆ. ಅದೇ ಚಿತ್ರದ ನಂತರ ಬಾಯಿಯ ಚಿಹ್ನೆ, ಕೊನೆಗೆ ನಡೆಯುವ ಕಾಲುಗಳು (ಡಿ54) ಇದ್ದರೆ ‘ಹೊರಡು’ ಎಂಬ ಕ್ರಿಯಾಪದ. ಕ್-ಮ್-ತ್ ಎಂದರೆ ‘ಕಪ್ಪು ನೆಲ’. ಅದರ ಕೊನೆಯ ಊರಿನ ಚಿಹ್ನೆ (ಓ49) ಇದು ಸ್ಥಳದ ಹೆಸರು, ಈಜಿಪ್ಟ್ ದೇಶ, ಎಂದು ತಿಳಿಸುತ್ತದೆ.

ನಿಜವಾದ ಸಂಪತ್ತು ಇರುವುದು ಕಾಪ್ಟಿಕ್‌ನಲ್ಲಿ. ಈಜಿಪ್ಟ್ ಭಾಷೆಯ ಈ ಕೊನೆಯ ಹಂತವನ್ನು ಹೆಚ್ಚಾಗಿ ಗ್ರೀಕ್ ಅಕ್ಷರಗಳಲ್ಲಿ, ಸ್ವರಸಮೇತ ಬರೆದರು. ಕಾಪ್ಟಿಕ್ ಕಲಿಯದೆ ಪದಮೂಲಕ್ಕೆ ಕೈಹಾಕಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಇಟ್ಟಿಗೆಯನ್ನೇ ನೋಡಿ. ಹಳೆಯ ರೂಪ ಜ್-ಬ್-ತ್. ಮೊದಲ ಜ್ ಕಾಲಕ್ರಮದಲ್ಲಿ ದ್ ಆಗಿ, ಮತ್ತೆ ತ್ ಆಯಿತು. ಕೊನೆಯ ಸ್ತ್ರೀಲಿಂಗದ ತ್ ಮಾತಿನಲ್ಲಿ ಉದುರಿತು. ಕಾಪ್ಟಿಕ್‌ನಲ್ಲಿ ಅದು ತೋಬೆ, ಅರಬ್ಬಿಯಲ್ಲಿ ತೂಬ್. ಅರಬ್ಬಿಯ ‘ಅಲ್’ ಸೇರಿ ಅತ್ತೂಬ್ ಆದದ್ದು ಸ್ಪೇನಿಗೆ ಹೋಗಿ ಅಡೋಬೆ ಆಯಿತು. ಹಸಿ ಇಟ್ಟಿಗೆಗೆ ಇಂದು ಅನೇಕ ಭಾಷೆಗಳಲ್ಲಿ ಇದೇ ಹೆಸರು.

ಫೇರೋ ಪದದ ದಾರಿ ಇನ್ನೂ ಸೊಗಸು. ಪ್-ರ್ ಎಂದರೆ ಮನೆ, ಅದರ ಮುಂದಿನ ‘ಆ’ ಎಂದರೆ ದೊಡ್ಡದು. ‘ದೊಡ್ಡಮನೆ’ ಮೊದಲು ಅರಮನೆಗೆ ಸಲ್ಲುತ್ತಿತ್ತು. 18ನೇ ರಾಜವಂಶದ ಹೊತ್ತಿಗೆ ಅರಸನಿಗೇ ಬಳಕೆಯಾಯಿತು. ಕಾಪ್ಟಿಕ್‌ನಲ್ಲಿ ಅದು ‘ಪ್ರ್ರೊ’. ಆ ಭಾಷೆಯಲ್ಲಿ ಪುಲ್ಲಿಂಗ ನಾಮಪದದ ಆರಂಭದಲ್ಲಿ ಗುರುತಿಗೆ ‘ಪ್’ ಬರುತ್ತದೆ. ಮಾತಾಡುವವರು ಮನೆಯ ಪಕಾರವನ್ನೇ ಆ ಗುರುತೆಂದು ತಿಳಿದು ಕಳಚಿದರು. ಉಳಿದ ‘ರ್ರೊ’ಗೆ ಅರಸ ಎಂಬ ಅರ್ಥ ನಿಂತಿತು, ರಾಣಿಗೆ ಸ್ತ್ರೀಲಿಂಗದ ಗುರುತು ಸೇರಿ ‘ತ್ರ್ರೋ’ ಆಯಿತು.

ಕಾಪ್ಟಿಕ್‌ನ ಸ್ವರಗಳು ಸಾವಿರಾರು ವರ್ಷ ಹಿಂದಿನವಲ್ಲ ಎಂಬುದನ್ನೂ ಮರೆಯಬಾರದು. ಹಳೆಯ ಸ್ವರ ಬೇಕೆಂದರೆ 1887ರಲ್ಲಿ ಸಿಕ್ಕ ಅಮಾರ್ನಾದ ಮಣ್ಣಿನ ಹಲಗೆಗಳನ್ನು ನೋಡಬೇಕು. ಅವನ್ನು ಬರೆದ ಬೆಣೆಲಿಪಿಯಲ್ಲಿ (ಕ್ಯೂನಿಫಾರ್ಮ್) ಸ್ವರಗಳಿವೆ. ಅರಸ ಅಖೆನಾತೆನ್‌ನ ಪಟ್ಟದ ಹೆಸರು ಅಲ್ಲಿ ‘ನಫುರುರೆಯ’ ಎಂದಿದೆ, ‘ನೆಫೆರ್’ ಎಂದು ಶುರುವಾಗುವುದಿಲ್ಲ.

ಎಡವುವುದು ಹೆಚ್ಚಾಗಿ ಬರೀ ಸದ್ದಿನ ಹೋಲಿಕೆಯಲ್ಲಿ. ಬೆಕ್ಕಿಗೆ ಅವರು ಮಿಯು ಎಂದರು. ನಮ್ಮ ಮಿಯಾಂವ್ ಅದರ ನೆಂಟನಲ್ಲ, ಎರಡನ್ನೂ ಕೊಟ್ಟದ್ದು ಬೆಕ್ಕಿನ ಕೂಗು. ಒಂದು ಪದ ಹೊಂದಿತೆಂದು ನಂಬದೆ, ಅದೇ ಬದಲಾವಣೆ ಬೇರೆ ಪದದಲ್ಲೂ ಇದೆಯೇ ಎಂದು ಪರೀಕ್ಷಿಸುತ್ತೇನೆ. ಬೆರಳು ಎಂಬರ್ಥದ, ಜ್-ಬ್ ಎಂದು ಶುರುವಾಗುವ ಪದ ಕಾಪ್ಟಿಕ್‌ನಲ್ಲಿ ತೇಬೆ ಆಗಿದೆ, ಹಾಗಾಗಿ ಇಟ್ಟಿಗೆಯ ಜ್ ತ್ ಆದದ್ದು ಒಂಟಿ ಉದಾಹರಣೆಯಲ್ಲ. ಆದರೆ ‘ಹೇಳು’ ಎಂಬ ಜ್-ದ್ ಪದ ‘ಜೋ’ ಆಗಿ ಮೊದಲ ಜ್ ಅನ್ನು ಉಳಿಸಿಕೊಂಡಿದೆ. ಆದ್ದರಿಂದ ಕಾಪ್ಟಿಕ್ ನಿಘಂಟು ತೆರೆದಾಗ ತಕಾರದ ಕಡೆ ಪದ ಸಿಗದಿದ್ದರೆ ಜಕಾರದ ಕಡೆಯೂ ಒಮ್ಮೆ ನೋಡಬೇಕು.