ಹನೋಯಿಯಲ್ಲಿ ಒಂಬತ್ತು ದಿನ, ಒಬ್ಬಳೇ

ವಿಯೆಟ್ನಾಮಿನ ರಾಜಧಾನಿ ಹನೋಯಿಯಲ್ಲಿ ಮೊದಲ ದಿನ ಒಂದು ರಸ್ತೆ ದಾಟುವುದಕ್ಕೆ ನನಗೆ 15 ನಿಮಿಷ ಬೇಕಾಯಿತು. ಹೋಟೆಲ್ ಈ ಕಡೆ, ಸಿಮ್ ಕಾರ್ಡ್ ಅಂಗಡಿ ಆ ಕಡೆ, ನಡುವೆ ಬೈಕುಗಳ ಹೊಳೆ. ಸಿಗ್ನಲ್ ಇರಲಿಲ್ಲ. ಜೀಬ್ರಾ ಪಟ್ಟೆ ಇತ್ತು, ಆದರೆ ಅದನ್ನು ನೋಡಿ ಯಾರೂ ನಿಲ್ಲುತ್ತಿರಲಿಲ್ಲ. 20 ವರ್ಷದಿಂದ ಬೆಂಗಳೂರಿನಲ್ಲಿ ಓಡಾಡುತ್ತಿರುವವಳು ನಾನು. ಟ್ರಾಫಿಕ್ ನನಗೇನು ಹೊಸದಾ ಅಂದುಕೊಂಡೇ ಹೋಗಿದ್ದೆ. ನಮ್ಮ ರೂಢಿ ಅಲ್ಲಿ ನಡೆಯುವುದಿಲ್ಲ. ನಾವು ಕೈ ತೋರಿಸುತ್ತೇವೆ, ಸಂದು ಸಿಕ್ಕ ಕೂಡಲೇ ಓಡುತ್ತೇವೆ, ಮಧ್ಯದಲ್ಲಿ ಗಕ್ಕನೆ ನಿಲ್ಲುತ್ತೇವೆ, ಮತ್ತೆ ಓಡುತ್ತೇವೆ. ಹನೋಯಿಯಲ್ಲಿ ಹಾಗೆ ಮಾಡಿದರೆ ಅಪಾಯ. ಸಾಲದ್ದಕ್ಕೆ ಅಲ್ಲಿ ಗಾಡಿಗಳು ರಸ್ತೆಯ ಬಲಕ್ಕೆ ಓಡುತ್ತವೆ. ನಾನು ಪ್ರತಿ ಸಲ ತಪ್ಪು ಕಡೆಗೇ ಕತ್ತು ತಿರುಗಿಸುತ್ತಿದ್ದೆ.

ದಾಟುವುದನ್ನು ಕಲಿಸಿದ್ದು ತರಕಾರಿ ಚೀಲ ಹಿಡಿದಿದ್ದ ಒಬ್ಬ ಹೆಂಗಸು. ಅವರಿಗೆ ತಾವು ಕಲಿಸುತ್ತಿದ್ದೇವೆ ಅನ್ನುವುದು ಗೊತ್ತೂ ಇರಲಿಲ್ಲ. ಅವರು ಬಂದರು, ಒಮ್ಮೆ ನೋಡಿದರು, ರಸ್ತೆಗೆ ಇಳಿದೇ ಬಿಟ್ಟರು. ನಾನು ಅವರ ಪಕ್ಕಕ್ಕೆ ಅಂಟಿಕೊಂಡು ನಡೆದೆ. ಮನೆಯ ಅಂಗಳ ದಾಟುವ ಹಾಗೆ ಹೆಜ್ಜೆ ಒಂದೇ ಸಮ. ಜೋರೂ ಇಲ್ಲ, ನಿಲ್ಲುವುದೂ ಇಲ್ಲ. ಬೈಕುಗಳು ನಮ್ಮ ಮುಂದೆ ಒಂದಿಷ್ಟು, ಹಿಂದೆ ಒಂದಿಷ್ಟು ಸುತ್ತಿಕೊಂಡು ಹೋದವು. ಯಾರೂ ಬ್ರೇಕ್ ಹಾಕಲಿಲ್ಲ, ಯಾರೂ ಬೈಯಲಿಲ್ಲ. ಆಮೇಲೆ ಹೊಳೆಯಿತು: ಬೈಕಿನವರು ನಾವು ಮುಂದಿನ ಕ್ಷಣ ಎಲ್ಲಿರುತ್ತೇವೆ ಅಂತ ದೂರದಿಂದಲೇ ಅಂದಾಜು ಹಾಕುತ್ತಾರೆ. ನಾವು ಓಡಿದರೆ, ನಿಂತರೆ, ಹಿಂದೆ ಸರಿದರೆ ಆ ಅಂದಾಜು ತಪ್ಪುತ್ತದೆ. ಕಾರು ಬಸ್ಸುಗಳು ಮಾತ್ರ ಹಾಗೆ ಬಳಸಿಕೊಂಡು ಹೋಗುವುದಿಲ್ಲ, ಅವು ಹೋಗುವ ತನಕ ಕಾಯಬೇಕು. ನಾಲ್ಕನೇ ದಿನದ ಹೊತ್ತಿಗೆ ನಾನೂ ಹಾಗೆಯೇ ದಾಟುತ್ತಿದ್ದೆ. ಆದರೆ ಒಂದು ಸಲವೂ ಎದೆ ಹೊಡೆದುಕೊಳ್ಳದೆ ದಾಟಲಿಲ್ಲ.

ನಾನು ಹೋಗಿದ್ದು ಡಿಸೆಂಬರಿನಲ್ಲಿ. ಆನ್‌ಲೈನಿನಲ್ಲೇ ಇ-ವೀಸಾ ಸಿಕ್ಕಿತ್ತು. ಹಳೇ ಊರಿನ ಒಂದು ಸಣ್ಣ ಹೋಟೆಲಿನಲ್ಲಿ ಕೋಣೆ ಹಿಡಿದಿದ್ದೆ. ವಾಪಸ್ ಬಂದ ಮೇಲೆ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ: ಊರು ಹೇಗಿತ್ತು, ಇಷ್ಟ ಆಯ್ತಾ? ಒಂದು ಮಾತಿನಲ್ಲಿ ಹೇಳಲು ಇವತ್ತಿಗೂ ಆಗುತ್ತಿಲ್ಲ. ಬೆಳಗ್ಗೆ ಇಷ್ಟವಾದ ಊರು ಮಧ್ಯಾಹ್ನಕ್ಕೆ ಸಾಕಾಗುತ್ತಿತ್ತು.

ಸಾಕಾದದ್ದನ್ನು ಮೊದಲು ಹೇಳಿಬಿಡುತ್ತೇನೆ. ಫುಟ್‌ಪಾತ್ ತುಂಬ ಬೈಕುಗಳನ್ನು ನಿಲ್ಲಿಸಿರುತ್ತಾರೆ. ಉಳಿದ ಜಾಗದಲ್ಲಿ ಒಲೆ, ಪಾತ್ರೆ, ಸ್ಟೂಲು. ಹಾಗಾಗಿ ನಡೆಯುವವರು ರಸ್ತೆಯಲ್ಲೇ ನಡೆಯಬೇಕು. ಹಾರ್ನ್ ಬೆಳಗಿನಿಂದ ರಾತ್ರಿಯವರೆಗೆ. ಚಳಿಗಾಲದಲ್ಲಿ ಅಲ್ಲಿನ ಗಾಳಿ ತುಂಬ ಕೆಡುತ್ತದೆ. ಆಕಾಶ ಬೂದಿ ಬಳಿದ ಹಾಗಿತ್ತು, ಮೂರನೇ ದಿನಕ್ಕೆ ನನ್ನ ಗಂಟಲು ಕಟ್ಟಿತು. ಅದೇ ದಿನ ರಸ್ತೆ ಬದಿಯಲ್ಲಿ ಒಬ್ಬ ನನ್ನ ಚಪ್ಪಲಿ ತೋರಿಸಿ ಏನೋ ಹೇಳಿದ. ಏನು ಅಂತ ಬಗ್ಗಿ ನೋಡುವಷ್ಟರಲ್ಲಿ ಚಪ್ಪಲಿ ಅವನ ಕೈಯಲ್ಲಿತ್ತು. ಅಂಟು ಹಚ್ಚಿ, ನಾಲ್ಕು ಹೊಲಿಗೆ ಹಾಕಿ, 3 ಲಕ್ಷ ಡಾಂಗ್ ಕೇಳಿದ. ನಮ್ಮ ಲೆಕ್ಕದಲ್ಲಿ ಸುಮಾರು ಸಾವಿರ ರೂಪಾಯಿ. ಒಂದೇ ಕಾಲಿನಲ್ಲಿ ನಿಂತು ಜಗಳ ಆಡಿ ಒಂದು ಲಕ್ಷಕ್ಕೆ ಇಳಿಸಿದೆ. ದುಡ್ಡಿಗಿಂತ, ಪಕ್ಕದಲ್ಲಿ ‘ಬಾ ಹೋಗೋಣ’ ಅನ್ನುವವರು ಯಾರೂ ಇಲ್ಲವಲ್ಲ ಅಂತ ಜಾಸ್ತಿ ನೋವಾಯಿತು.

ರಾತ್ರಿ ಊಟಕ್ಕೆ ಹೊರಟರೆ ಅಲ್ಲೂ ಅದೇ. ಅಲ್ಲಿಯವರು ಗುಂಪಾಗಿ ಉಣ್ಣುತ್ತಾರೆ. ನಡುವೆ ಕುದಿಯುವ ಒಂದು ಪಾತ್ರೆ, ಸುತ್ತ ಎಂಟು ಜನ, ಜೋರು ನಗು. ಆ ನಗುವಿನ ಪಕ್ಕ ಒಬ್ಬಳೇ ಕೂರುವುದು ಕಷ್ಟ. ಆ ರಾತ್ರಿ ಬಾಳೆಹಣ್ಣು ತಿಂದು ಕೋಣೆಯಲ್ಲೇ ಕೂತೆ. ಕೆಳಗೆ ಯಾರೋ ಸ್ಪೀಕರ್ ಇಟ್ಟು ಹಾಡುತ್ತಿದ್ದರು. ಅಲ್ಲಿ ಒಂಬತ್ತು ಗಂಟೆ, ಶಿವಮೊಗ್ಗದಲ್ಲಿ ಏಳೂವರೆ. ಅಮ್ಮನಿಗೆ ಫೋನ್ ಮಾಡಿದೆ. ಎಲ್ಲ ಚೆನ್ನಾಗಿದೆ ಅಂದೆ. ಫೋನ್ ಇಟ್ಟ ಮೇಲೆ ಅಳು ಬಂತು.

ಮರುದಿನ ಒಂದು ತೀರ್ಮಾನ ಮಾಡಿದೆ. ನೋಡಬೇಕಾದ ಜಾಗಗಳ ಪಟ್ಟಿಯನ್ನು ಪಕ್ಕಕ್ಕಿಟ್ಟೆ. ದಿನಾ ಅದೇ ನಾಲ್ಕು ಬೀದಿ, ಅದೇ ಕೆರೆ, ಅದೇ ಚಹಾ ಮೂಲೆ. ಒಬ್ಬರೇ ಹೋಗುವವರಿಗೆ ನಾನು ಹೇಳುವ ಉಪಾಯ ಇದೊಂದೇ. ಮುಖಗಳು ಗುರುತಾದರೆ ಗಲಾಟೆಯೂ ಸ್ವಲ್ಪ ತಗ್ಗಿದ ಹಾಗೆ ಅನಿಸುತ್ತದೆ.

ಬೀದಿಗಳಂತೂ ನನಗೆ ಪರಿಚಯದವರ ಹಾಗೆ ಕಂಡವು. ಹಳೇ ಊರನ್ನು 36 ಬೀದಿಗಳ ಊರು ಅನ್ನುತ್ತಾರೆ. ‘ಹಾಂಗ್’ ಅಂದರೆ ಸರಕು. ಹಾಂಗ್ ಬಾಕ್ ಬೆಳ್ಳಿಯ ಬೀದಿ, ಹಾಂಗ್ ಥಿಯೆಕ್ ತಗಡಿನ ಬೀದಿ, ಹಾಂಗ್ ಮಾ ಪೂಜೆಯ ಕಾಗದದ ಬೀದಿ. ನಮ್ಮ ಅಕ್ಕಿಪೇಟೆ, ಬಳೇಪೇಟೆ, ಅರಳೇಪೇಟೆಗಳ ಹಾಗೆಯೇ ಅಲ್ವಾ! ಎಷ್ಟೋ ಬೀದಿಗಳಲ್ಲಿ ಹೆಸರಿನ ಸರಕು ಈಗ ಸಿಗುವುದಿಲ್ಲ. ತಗಡಿನ ಬೀದಿಯಲ್ಲಿ ಮಾತ್ರ ಇನ್ನೂ ಸುತ್ತಿಗೆಯ ಸದ್ದು ಕೇಳುತ್ತದೆ. ಅಂಗಡಿಯ ಮುಂದೆ, ರಸ್ತೆಗೇ ಕಾಲು ಚಾಚಿ ಕೂತು, ತಗಡಿನ ಹಾಳೆಯನ್ನು ಕೊಳವೆಯಾಗಿ ಬಗ್ಗಿಸುತ್ತಿದ್ದ ಮುದುಕರೊಬ್ಬರನ್ನು ತುಂಬ ಹೊತ್ತು ನೋಡಿದೆ. ಅಂಚು ಮಡಿಸುವುದು, ಬಡಿಯುವುದು, ತಿರುಗಿಸುವುದು, ಮತ್ತೆ ಬಡಿಯುವುದು. ಬೈಕುಗಳು ಅವರ ಪಾದದಿಂದ ಒಂದು ಗೇಣು ದೂರದಲ್ಲಿ ಹೋಗುತ್ತಿದ್ದವು. ಅವರು ಒಮ್ಮೆಯೂ ತಲೆ ಎತ್ತಲಿಲ್ಲ.

ಊಟದ ವಿಷಯ ನಮ್ಮ ಸಸ್ಯಾಹಾರಿಗಳು ಖಂಡಿತ ಕೇಳುತ್ತಾರೆ. ನಾನು ಮೊಟ್ಟೆಯನ್ನೂ ತಿನ್ನುವುದಿಲ್ಲ. ಹಾಗಾಗಿ ಹನೋಯಿಯ ಹೆಸರಾಂತ ಮೊಟ್ಟೆ ಕಾಫಿಯನ್ನು ದೂರದಿಂದಲೇ ನೋಡಿದೆ. 1946ರ ಸುಮಾರಿಗೆ ಹಾಲು ಸಿಗದೆ ಇದ್ದಾಗ ಮೊಟ್ಟೆಯ ಹಳದಿ ಕಡೆದು ಹಾಕಿ ಶುರುವಾದ ಕಾಫಿ ಅದು. ಲೋಟದ ಮೇಲೆಯೇ ಪುಟ್ಟ ಫಿಲ್ಟರ್ ಇಟ್ಟು ಇಳಿಸಿಕೊಡುವ ಕಪ್ಪು ಕಾಫಿ ಮಾತ್ರ ದಿನಾ ಕುಡಿದೆ. ಬಹುಪಾಲು ರೊಬಸ್ಟಾ, ಸಿಕ್ಕಾಪಟ್ಟೆ ಗಡಸು. ಹನಿ ಹನಿಯಾಗಿ ಇಳಿಯುವುದನ್ನು ನೋಡುತ್ತಾ ಕೂತರೆ ನಮ್ಮ ಅಡುಗೆಮನೆಯೇ ನೆನಪಾಗುತ್ತಿತ್ತು. ಊಟಕ್ಕೆ ಕಲಿಯಬೇಕಾದ ಪದ ‘ಚಾಯ್’. ಅಲ್ಲಿ ಚಾಯ್ ಅಂದರೆ ಸಸ್ಯಾಹಾರ, ಚಹಾಕ್ಕೆ ‘ಚಾ’ ಅನ್ನುತ್ತಾರೆ! ಸುಮ್ನೆ ಮಾಂಸ ಬೇಡ ಅಂದರೆ ಸಾಲದು, ಸೊಪ್ಪಿನ ಪಲ್ಯಕ್ಕೂ ಮೀನಿನ ಸಾಸ್ ಬೀಳುತ್ತದೆ. ‘ಕೋಮ್ ಚಾಯ್’ ಅಂತ ಬೋರ್ಡ್ ಇರುವ ಕಡೆ ಹೋದರೆ ನಿಶ್ಚಿಂತೆ. ಚಾಂದ್ರಮಾನ ತಿಂಗಳ ಮೊದಲ ದಿನ ಮತ್ತು ಹದಿನೈದನೇ ದಿನ, ಅಂದರೆ ಹುಣ್ಣಿಮೆ ಹೊತ್ತಿಗೆ, ಅಲ್ಲಿ ಎಷ್ಟೋ ಮನೆಯವರು ಚಾಯ್ ಊಟ ಮಾಡುತ್ತಾರೆ. ನಾನಿದ್ದಾಗ ಅಂಥದ್ದೊಂದು ದಿನ ಬಂತು. ಚಾಯ್ ಊಟದ ಹೋಟೆಲಿನಲ್ಲಿ ಕೂರಲು ಜಾಗವಿರಲಿಲ್ಲ. ಹೊರಗೆ ಮನೆ ಮನೆಯ ಮುಂದೆ ತಗಡಿನ ಡಬ್ಬದಲ್ಲಿ ಹಿರಿಯರ ಹೆಸರಿನಲ್ಲಿ ಕಾಗದದ ನೋಟು ಸುಡುತ್ತಿದ್ದರು. ಹೊಗೆಗೆ ಕಣ್ಣು ಉರಿಯಿತು. ಆದರೂ ನೋಡುತ್ತಾ ನಿಂತೆ, ಅಪ್ಪನ ನೆನಪಾಯಿತು.

ಇನ್ನು ಚಹಾದ ಅಜ್ಜಿ. ಹೋಟೆಲಿನ ತಿರುವಿನಲ್ಲಿ ಅವರದು ನಾಲ್ಕು ಪ್ಲಾಸ್ಟಿಕ್ ಸ್ಟೂಲು, ಒಂದು ಪುಟ್ಟ ಮೇಜು, ಬೆತ್ತದ ಬುಟ್ಟಿಯೊಳಗೆ ಬಟ್ಟೆಯ ಒತ್ತಿಟ್ಟು ಬೆಚ್ಚಗಿಟ್ಟ ಚಹಾ ಪಾತ್ರೆ, ಗಾಜಿನ ಡಬ್ಬಿಯಲ್ಲಿ ಕಡಲೆಬೀಜದ ಚಿಕ್ಕಿ. ಥೇಟ್ ನಮ್ಮದೇ ಚಿಕ್ಕಿ. ಒಂದು ಲೋಟ ಚಹಾಕ್ಕೆ 5,000 ಡಾಂಗ್. ಎರಡನೇ ಸಲ ಹೋದಾಗ ನೀಲಿ ನೋಟು ಕೊಟ್ಟೆ. ಅಜ್ಜಿ ತೆಗೆದುಕೊಳ್ಳಲಿಲ್ಲ. ನನ್ನ ಪರ್ಸಿನ ಕಡೆ ಕೈ ತೋರಿಸಿ ಇನ್ನೊಂದು ನೀಲಿ ನೋಟು ತೆಗೆಸಿದರು. ಎರಡನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟರು. ಒಂದು 20,000, ಇನ್ನೊಂದು 5,00,000. ಎರಡೂ ನೀಲಿ, ಎರಡರಲ್ಲೂ ಹೋ ಚಿ ಮಿನ್ ಮುಖ. ನಾನು ಕೊಟ್ಟಿದ್ದು ದೊಡ್ಡದು, ನಮ್ಮ 1,600 ರೂಪಾಯಿಗೂ ಮೇಲೆ. ಅಜ್ಜಿ ಎರಡನ್ನೂ ಮಗುಚಿ ಹಾಕಿ ಬೆರಳಿಟ್ಟು ತೋರಿಸಿದರು. ಚಿಕ್ಕದರ ಹಿಂದೆ ಸೂರು ಇರುವ ಸೇತುವೆ, ದೊಡ್ಡದರ ಹಿಂದೆ ಮನೆ. ನಾನು ಸರಿಯಾಗಿ ತೋರಿಸುವವರೆಗೂ ಬಿಡಲಿಲ್ಲ. ಅಲ್ಲಿಗೆ ಹೋಗುವವರು ಈ ಎರಡು ನೋಟುಗಳನ್ನು ಪರ್ಸಿನ ಬೇರೆ ಬೇರೆ ಖಾನೆಯಲ್ಲಿ ಇಟ್ಟುಕೊಳ್ಳಿ.

ಅಜ್ಜಿ ನನ್ನನ್ನು ‘ಚಾವ್’ ಅಂತ ಕರೆಯುತ್ತಿದ್ದರು. ಹೋಟೆಲಿನ ಹುಡುಗಿ ಅರ್ಥ ಹೇಳಿದಳು: ಮೊಮ್ಮಕ್ಕಳನ್ನು ಹಾಗೆ ಕರೆಯುತ್ತಾರೆ. ಆ ಹುಡುಗಿಗೆ ನಾನು ‘ಚಿ’, ಅಕ್ಕ. ಅಲ್ಲಿ ಹೊಸಬರ ಜೊತೆ ಮಾತಾಡುವಾಗಲೂ ವಯಸ್ಸು ತಿಳಿದುಕೊಂಡು ಅಕ್ಕ, ಅಣ್ಣ, ಚಿಕ್ಕಪ್ಪ, ಅಜ್ಜಿ ಅಂತ ಒಂದು ಸಂಬಂಧ ಹಚ್ಚಿಯೇ ಮಾತಾಡಿಸುತ್ತಾರೆ. ಮೊದಲ ದಿನ ಯಾರೋ ವಯಸ್ಸು ಕೇಳಿದಾಗ ನನಗೆ ಸಿಟ್ಟು ಬಂದಿತ್ತು. ಕಾರಣ ತಿಳಿದ ಮೇಲೆ ಕೇಳಿದವರಿಗೆಲ್ಲ 43 ಅಂತ ಖುಷಿಯಿಂದ ಹೇಳಿದೆ.

ಬೆಳಗ್ಗೆ ಐದೂವರೆಗೆ ಎದ್ದು ಹೊವಾನ್ ಕಿಯೆಮ್ ಕೆರೆಗೆ ಹೋಗುತ್ತಿದ್ದೆ. ಆ ಹೊತ್ತಿನ ಹನೋಯಿಯೇ ಬೇರೆ. ಅಜ್ಜಿ ತಾತಂದಿರು ಕೈಬೀಸಿ ನಡೆಯುತ್ತಾರೆ, ಹೆಂಗಸರು ಸಾಲಾಗಿ ವ್ಯಾಯಾಮ ಮಾಡುತ್ತಾರೆ, ಜೋಡಿಗಳು ಹಾಡು ಹಾಕಿಕೊಂಡು ಕುಣಿಯುತ್ತಾರೆ. ಕೆಂಪು ಮರದ ಸೇತುವೆಯ ಮೇಲೆ ಮಂಜು. ರಾತ್ರಿ ಹತ್ತಕ್ಕೆ ಒಬ್ಬಳೇ ಕೆರೆ ಸುತ್ತಿ ಬಂದಿದ್ದೂ ಇದೆ. ಆಗ ಹೆದರಿಕೆ ಆಗಲಿಲ್ಲ. ಬೆಂಗಳೂರಿನಲ್ಲಿ ನಾನು ಹಾಗೆ ಹೋಗುವುದಿಲ್ಲ.

ಎಂಟನೇ ದಿನ ಸಂಜೆ ಲಾಂಗ್ ಬಿಯೆನ್ ಸೇತುವೆಯ ಮೇಲೆ ನಡೆದೆ. 1902ರಲ್ಲಿ ಮುಗಿದ ಕಬ್ಬಿಣದ ಸೇತುವೆ. ಅಮೆರಿಕದ ಬಾಂಬು ಬಿದ್ದು ಎಷ್ಟೋ ಸಲ ಮುರಿದು ಮತ್ತೆ ಕಟ್ಟಿದ್ದು. ನಡುವೆ ರೈಲು, ಎರಡು ಕಡೆ ಬೈಕು, ಅಂಚಿನಲ್ಲಿ ನಡೆಯುವವರಿಗೆ ಕಾಂಕ್ರೀಟ್ ಹಲಗೆಗಳು. ಸಂದಿನಲ್ಲಿ ಕೆಳಗಿನ ಕೆಂಪು ನದಿ, ನದಿ ನಡುವಿನ ದಿಣ್ಣೆಯ ಬಾಳೆಗಿಡ ಕಾಣುತ್ತವೆ. ರೈಲು ಬಂದಾಗ ಹಲಗೆ ನಡುಗಿತು. ಕಂಬಿ ಹಿಡಿದು ನಿಂತೆ, ನಾಳೆ ಮನೆಗೆ ಹೋಗುತ್ತೇನೆ ಅನ್ನುವುದೇ ದೊಡ್ಡ ಸಮಾಧಾನ ಅನಿಸಿತು.

ಕೊನೆಯ ಬೆಳಗ್ಗೆ ಬ್ಯಾಗು ಹೊತ್ತು ಅಜ್ಜಿಯ ಹತ್ತಿರ ಹೋದೆ. ವಿಮಾನ ನಿಲ್ದಾಣಕ್ಕೆ 86ನೇ ನಂಬರಿನ ಬಸ್ಸು, 45,000 ಡಾಂಗ್ ಸರಿಯಾಗಿ ಎಣಿಸಿ ಇಟ್ಟುಕೊಂಡಿದ್ದೆ. ಹೊರಡುತ್ತೇನೆ ಅಂತ ಕೈಸನ್ನೆ ಮಾಡಿದೆ. ಅಜ್ಜಿ ಎರಡು ಚಿಕ್ಕಿ ಕಾಗದದಲ್ಲಿ ಸುತ್ತಿ ನನ್ನ ಕೈಗಿಟ್ಟರು, ದುಡ್ಡು ಬೇಡ ಅಂದರು. ಗಂಟಲು ಇನ್ನೂ ಉರಿಯುತ್ತಿತ್ತು. ಬೆನ್ನ ಹಿಂದೆ ಯಾರೋ ಬಿಡದೆ ಹಾರ್ನ್ ಹೊಡೆಯುತ್ತಿದ್ದರು. ಗಡಿಯಾರ ನೋಡಿದೆ, ಇನ್ನೂ 20 ನಿಮಿಷ ಇತ್ತು. ಬ್ಯಾಗು ಕೆಳಗಿಳಿಸಿ ಇನ್ನೊಂದು ಲೋಟ ಚಹಾ ಕೇಳಿದೆ.