ಆನ್‌ಲೈನ್ ಡಿಗ್ರಿಯನ್ನು ಕೆಲಸ ಕೊಡುವವರ ಮುಂದೆ ಇಡುವುದು ಹೇಗೆ?

ಕಂಪನಿಗೆ ಜನರನ್ನು ಆರಿಸುವುದು ನನ್ನ ಕೆಲಸ. 'ಮೇಡಂ, ಆನ್‌ಲೈನ್ ಡಿಗ್ರಿಗೆ ಬೆಲೆ ಇದೆಯಾ?' ಅಂತ ಕೇಳುವವರು ಬಹಳ. ನಾವು ರೆಸ್ಯೂಮೆ ನೋಡುವಾಗ ಈ ಪ್ರಶ್ನೆ ಏಳುವುದೇ ಕಡಿಮೆ. ಡಿಗ್ರಿ ಕೊಟ್ಟವರು ಯಾರು, ಓದಿದ್ದು ನೀವೇನಾ, ಈಗ ಏನು ಮಾಡಬಲ್ಲಿರಿ, ಇಷ್ಟೇ ನೋಡುವುದು.

ಮೊದಲನೆಯದರಲ್ಲೇ ಜಾಸ್ತಿ ಜನ ಎಡವುತ್ತಾರೆ. ನಮ್ಮ ಅನುಮಾನಕ್ಕೂ ಕಾರಣ ಇದೆ. ಕರಾಚಿಯ ಆಕ್ಸಾಕ್ಟ್ ಎಂಬ ಕಂಪನಿ ಇಲ್ಲದ ವಿಶ್ವವಿದ್ಯಾಲಯಗಳ ಹೆಸರಲ್ಲಿ ನೂರಾರು ವೆಬ್‌ಸೈಟ್ ನಡೆಸಿ ಡಿಗ್ರಿ ಮಾರುತ್ತಿದ್ದದ್ದು 2015ರಲ್ಲಿ ಬಯಲಾಯಿತು. ಅವರು ಮಾನ್ಯತೆ ಕೊಡುವ ಸಂಸ್ಥೆಗಳನ್ನೂ ಸುಳ್ಳೇ ಹುಟ್ಟಿಸಿದ್ದರು! ಹಾಗಾಗಿ ಕಾಲೇಜಿನ ವೆಬ್‌ಸೈಟಿನಲ್ಲಿ 'ಮಾನ್ಯತೆ ಪಡೆದಿದೆ' ಅಂತ ಇರುವುದನ್ನು ನಂಬಿ ಸೇರಬೇಡಿ. ಆ ದೇಶದ ಅಧಿಕೃತ ಪಟ್ಟಿಯಲ್ಲೇ ಹುಡುಕಿ. ಭಾರತದಲ್ಲಾದರೆ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಪಟ್ಟಿ, ಅಮೆರಿಕದಲ್ಲಾದರೆ ಶಿಕ್ಷಣ ಇಲಾಖೆಯ ಪಟ್ಟಿ. ವಿಶ್ವವಿದ್ಯಾಲಯದ ಹೆಸರು ಸಿಕ್ಕಿತು ಅಂತ ನಿಲ್ಲಬೇಡಿ. ನೀವು ಸೇರುವ ಕೋರ್ಸಿಗೆ, ನೀವು ಸೇರುವ ವರ್ಷಕ್ಕೆ ಅನುಮತಿ ಇದೆಯಾ ನೋಡಿ.

ಹೆಸರು ಗಟ್ಟಿಯಾಗಿದ್ದರೆ ಆನ್‌ಲೈನ್ ಅನ್ನೋದು ದೊಡ್ಡ ಅಡ್ಡಿಯಲ್ಲ. ಮನೆಯಲ್ಲೇ ಓದಿ ಡಿಗ್ರಿ ಪಡೆಯುವುದು ಇಂಟರ್‌ನೆಟ್‌ಗಿಂತ ಹಳೆಯದು. ಲಂಡನ್ ವಿಶ್ವವಿದ್ಯಾಲಯ ಕಾಲೇಜಿಗೆ ಬಾರದವರಿಗೂ 1858ರಲ್ಲೇ ಪರೀಕ್ಷೆಯ ಬಾಗಿಲು ತೆರೆಯಿತು. ಬ್ರಿಟನ್ನಿನ ಓಪನ್ ಯೂನಿವರ್ಸಿಟಿ ಶುರುವಾದದ್ದು 1969ರಲ್ಲಿ. ಅಮೆರಿಕದ ಜಾರ್ಜಿಯಾ ಟೆಕ್ ವಿಶ್ವವಿದ್ಯಾಲಯ 2014ರಲ್ಲಿ ಶುರುಮಾಡಿದ ಆನ್‌ಲೈನ್ ಕಂಪ್ಯೂಟರ್ ಸೈನ್ಸ್ ಮಾಸ್ಟರ್ಸ್‌ನಲ್ಲಿ ಸರ್ಟಿಫಿಕೇಟಿನ ಮೇಲೆ 'ಆನ್‌ಲೈನ್' ಅಂತ ಬರೆಯುವುದೇ ಇಲ್ಲ.

ಲೈಸೆನ್ಸ್ ಬೇಕಾದ ಕೆಲಸಗಳ ಲೆಕ್ಕ ಬೇರೆ. ವೈದ್ಯರು, ನರ್ಸ್‌ಗಳಂಥವರಿಗೆ ಆಸ್ಪತ್ರೆಯಲ್ಲಿ ನಿಂತು ಕಲಿಯದೆ ಲೈಸೆನ್ಸ್ ಸಿಗದು. ಸರ್ಕಾರಿ ಕೆಲಸಕ್ಕೆ ಅಥವಾ ಬೇರೆ ದೇಶಕ್ಕೆ ಹೋಗುವ ಯೋಚನೆ ಇದ್ದರೆ ಅಲ್ಲಿನ ನಿಯಮವನ್ನು ಫೀಸು ಕಟ್ಟುವ ಮೊದಲೇ ಓದಿ.

ರೆಸ್ಯೂಮೆಯಲ್ಲಿ ಡಿಗ್ರಿಯ ಹೆಸರನ್ನು ಸರ್ಟಿಫಿಕೇಟಿನಲ್ಲಿ ಇರುವ ಹಾಗೇ ಬರೆಯಿರಿ. ವಿಶ್ವವಿದ್ಯಾಲಯ, ಮುಗಿಸಿದ ವರ್ಷ, ಸಾಕು. ಆನ್‌ಲೈನ್ ಅಂತ ದಪ್ಪ ಅಕ್ಷರದಲ್ಲಿ ಹಾಕಬೇಕಿಲ್ಲ. ಆದರೆ ಮುಚ್ಚಿಡಬೇಡಿ. ಒಂದೂರಿನಲ್ಲಿ ಫುಲ್‌ಟೈಮ್ ಕೆಲಸ, ಅದೇ ವರ್ಷಗಳಲ್ಲಿ ಇನ್ನೊಂದೂರಿನ ವಿಶ್ವವಿದ್ಯಾಲಯದಲ್ಲಿ ಓದು ಅಂತ ಇದ್ದರೆ ನಮಗೆ ಕಾಣದೇ ಇರುತ್ತಾ? ಅರ್ಜಿಯಲ್ಲಿ ಓದಿದ ರೀತಿ ಕೇಳಿದ್ದರೆ ನಿಜ ಬರೆಯಿರಿ. ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್‌ನಲ್ಲಿ, ಅಂದರೆ ನೀವು ಕೊಟ್ಟ ವಿವರ ನಿಜವಾ ಅಂತ ಕಂಪನಿ ವಿಚಾರಿಸುವಾಗ, 'ರೆಗ್ಯುಲರ್' ಅಂದದ್ದು ಸುಳ್ಳು ಅಂತಾದರೆ ಕೈಗೆ ಬಂದ ಆಫರ್ ಲೆಟರ್ ವಾಪಸ್ ಹೋಗಬಹುದು. ಆಗ ತೊಂದರೆ ತಂದದ್ದು ಡಿಗ್ರಿಯಲ್ಲ, ಸುಳ್ಳು. ಇನ್ನೊಂದು, ನಾಲ್ಕು ವಾರದ ಕೋರ್ಸ್‌ಗಳನ್ನು ಡಿಗ್ರಿಯ ಸಾಲಿನಲ್ಲಿ ತುರುಕಬೇಡಿ. ಅವಕ್ಕೆ ಬೇರೆ ಜಾಗ ಕೊಡಿ. ಇದು ನನಗೆ ಸ್ವಲ್ಪ ಸಿಟ್ಟು ಬರಿಸುವ ವಿಷಯ.

ಇಂಟರ್‌ವ್ಯೂನಲ್ಲಿ 'ಯಾಕೆ ಆನ್‌ಲೈನ್?' ಅಂದರೆ ಎರಡು ಮಾತು ಸಾಕು. ಕೆಲಸ ಬಿಡುವ ಹಾಗಿರಲಿಲ್ಲ, ಈ ವಿಷಯ ಬೇಕಿತ್ತು, ಅಷ್ಟೆ. ಕ್ಷಮೆ ಕೇಳುವ ದನಿ ಬೇಡ. 'ಸ್ವಯಂಶಿಸ್ತು ಕಲಿತೆ' ಅನ್ನುವ ಉತ್ತರವಂತೂ ಕೇಳಿ ಕೇಳಿ ಸಾಕಾಗಿದೆ. ಪರೀಕ್ಷೆ ನೀವೇ ಬರೆದಿರಾ, ನಾಲ್ಕು ಜನರ ಜೊತೆ ಕೆಲಸ ಮಾಡಬಲ್ಲಿರಾ ಅನ್ನೋದೇ ನಮ್ಮ ಮನಸ್ಸಿನಲ್ಲಿ ಓಡುತ್ತಿರುತ್ತದೆ. ಕೇಳುವ ಮೊದಲೇ ಹೇಳಿ. ಪರೀಕ್ಷೆ ಕೇಂದ್ರಕ್ಕೆ ಹೋಗಿ ಬರೆದದ್ದೋ, ಕ್ಯಾಮೆರಾ ಮುಂದೆ ಬರೆದದ್ದೋ ತಿಳಿಸಿ. ಒಂದೇ ಒಂದು ಪ್ರಾಜೆಕ್ಟ್ ಆರಿಸಿಕೊಂಡು ಆಳವಾಗಿ ಹೇಳಿ. 'ನಾಲ್ವರಿದ್ದೆವು, ಒಬ್ಬರ ಹಗಲು ಇನ್ನೊಬ್ಬರ ರಾತ್ರಿ. ಡೇಟಾಬೇಸ್ ಭಾಗ ನನ್ನದು. ಮೊದಲ ವಿನ್ಯಾಸ ನಿಧಾನವಾಗಿತ್ತು, ಅದಕ್ಕೆ ಹೀಗೆ ಬದಲಿಸಿದೆ' ಅಂದರೆ ನಾನು ಪೆನ್ನು ಕೆಳಗಿಟ್ಟು ಕೇಳುತ್ತೇನೆ.

ಐದಾರು ವರ್ಷ ಅನುಭವ ಇದ್ದವರ ಡಿಗ್ರಿಯನ್ನು ನಾವು ಸುಮ್ನೆ ಕಣ್ಣಾಡಿಸಿ ಮುಂದೆ ಹೋಗುತ್ತೇವೆ. ಕಷ್ಟ ಇರುವುದು ಮೊದಲ ಕೆಲಸ ಹುಡುಕುವವರಿಗೆ. ಕ್ಯಾಂಪಸ್ಸಿಗೆ ಕಂಪನಿಗಳು ಬರುತ್ತವೆ, ನಿಮ್ಮ ಮನೆಗೆ ಬರುವುದಿಲ್ಲ ಅಲ್ವಾ? ಜೊತೆಯಲ್ಲಿ ಓದಿದವರ ಪರಿಚಯ, ಮೇಷ್ಟ್ರ ಶಿಫಾರಸು ಕೂಡ ತಾನಾಗಿ ಸಿಗುವುದಿಲ್ಲ. ಅದಕ್ಕೇ ಓದುತ್ತಿರುವಾಗಲೇ ಒಂದು ಇಂಟರ್ನ್‌ಶಿಪ್ ಮಾಡಿ, ಚಿಕ್ಕ ಕಂಪನಿಯಾದರೂ ಸರಿ. ನಿಮ್ಮ ಪ್ರಾಜೆಕ್ಟ್ ನೋಡಿದ ಒಬ್ಬ ಅಧ್ಯಾಪಕರ ಜೊತೆ ಸಂಪರ್ಕ ಇಟ್ಟುಕೊಳ್ಳಿ.

ಓದು ಮುಗಿದ ಕೂಡಲೇ ವಿಶ್ವವಿದ್ಯಾಲಯಕ್ಕೆ ಒಂದು ಮೇಲ್ ಹಾಕಿ. ಡಿಗ್ರಿ ನಿಜವೋ ಅಂತ ಕಂಪನಿ ಕೇಳಿದರೆ ಉತ್ತರಿಸುವ ವಿಭಾಗ ಯಾವುದು, ಎಷ್ಟು ದಿನ ಬೇಕು ಅಂತ ಕೇಳಿಟ್ಟುಕೊಳ್ಳಿ. ಆ ವಿಳಾಸವನ್ನು ಮಾರ್ಕ್ಸ್ ಕಾರ್ಡ್‌ಗಳ ಜೊತೆಗೇ ಎಚ್‌ಆರ್‌ಗೆ ಕಳಿಸಿದರೆ ವೆರಿಫಿಕೇಶನ್ ಬೇಗ ಮುಗಿಯುತ್ತದೆ.